ಸಹಿ ಹಾಕಿ ಕೆಟ್ಟ ದಾಸೋಜ

ಶಿಲ್ಪಿಯಾಗಿ ಹೆಸರು ಉಳಿಸಿಕೊಳ್ಳಬೇಕೇ? ಕೆತ್ತಿದ್ದರ ಕೆಳಗೆ ಸಹಿ ಮಾತ್ರ ಹಾಕಬೇಡಿ. ಬಳ್ಳಿಗಾವೆಯ ದಾಸೋಜ ಆ ತಪ್ಪು ಮಾಡಿ ಕೆಟ್ಟ. ಬೇಲೂರಿನ ಮದನಿಕೆಯ ಪೀಠದಲ್ಲಿ ಊರಿನ ಸಮೇತ ತನ್ನ ಹೆಸರು ಕೊರೆದ. ಮಗ ಚಾವಣನಾದರೂ ಬುದ್ಧಿ ಕಲಿತನೇ? ಅವನೂ ಕೊರೆದ. ಅದೂ ಕನ್ನಡದಲ್ಲೇ. ನಾವು ಆ ಅಕ್ಷರಗಳ ಕೆಳಗೇ ನಿಂತು, ಕತ್ತೆತ್ತಿ, "ಆಹಾ, ಜಕಣಾಚಾರಿ!" ಅನ್ನುತ್ತೇವೆ.

ಐತಿಹ್ಯದ ಶಿಲ್ಪಿ ಜಕಣಾಚಾರಿಯ ಸಹಿ ಅಲ್ಲೆಲ್ಲೂ ಇಲ್ಲ. ಅವನ ಬಲವೇ ಅದು. ಶಾಸನ ಇದ್ದವನಿಗೆ ಇಸವಿ ಇರುತ್ತದೆ, ಇಸವಿ ಇದ್ದರೆ ಕಥೆಗೆ ಮೂಗುದಾರ. ಐತಿಹ್ಯ ಹಳೆಯದೇ, ಆದರೆ 1964ರಲ್ಲಿ ಅದಕ್ಕೆ ಬಣ್ಣ ಬಂತು: ಕನ್ನಡದ ಮೊದಲ ಪೂರ್ಣ ವರ್ಣಚಿತ್ರವೇ 'ಅಮರಶಿಲ್ಪಿ ಜಕಣಾಚಾರಿ'. ದಾಸೋಜನದು ಇನ್ನೂ ಕಪ್ಪುಕಲ್ಲು.

ಕಪ್ಪೆಯ ಪ್ರಸಂಗವನ್ನೇ ನೋಡಿ. ಜಕಣಾಚಾರಿ ಕೆತ್ತಿದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಅನ್ನುತ್ತಾನೆ ಅವನ ಮಗ ಡಂಕಣ; ಪರೀಕ್ಷೆ ಆಗಬೇಕು. ವಿಗ್ರಹದ ಮೈಗೆಲ್ಲ ಗಂಧ ಬಳಿಯಬೇಕು. ಎಲ್ಲ ಕಡೆ ಒಣಗಿ, ಹೊಕ್ಕುಳ ಸುತ್ತ ಮಾತ್ರ ಹಸಿ ಉಳಿಯಬೇಕು. ಅಲ್ಲಿಗೆ ಉಳಿ ಇಟ್ಟರೆ ನೀರು, ಮರಳು, ಜೀವಂತ ಕಪ್ಪೆ! ಮಗ ಗೆದ್ದ, ಅಪ್ಪ ಬಲಗೈ ಕಡಿದುಕೊಂಡ, ಪರದೆ ಬಿತ್ತು. ತಕರಾರು ಎತ್ತುವುದು ಕಲ್ಲು ಮಾತ್ರ. ಬೇಲೂರಿನದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದಂತೆ ಗಟ್ಟಿ; ಆ ಕುಸುರಿ ಸಾಧ್ಯವಾದದ್ದೇ ಇದರಿಂದ. ನೆಲದಾಳದ ಬಿಸಿಯಲ್ಲಿ, ಒತ್ತಡದಲ್ಲಿ ಅದು ರೂಪುಗೊಂಡು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹೆಚ್ಚಾಯಿತು. ಆಗ ಭೂಮಿಯ ಮೇಲೆ ಕಪ್ಪೆಯ ಕುಲವೇ ಇರಲಿಲ್ಲ. ಪಾಪ, ತನ್ನ ಅಜ್ಜ ಹುಟ್ಟಲೆಂದು ಒಳಗೇ ಕಾಯುತ್ತಿತ್ತೇನೋ.

ಇನ್ನು ಜಕಣಾಚಾರಿಯ ವಯಸ್ಸು. ಬೇಲೂರಿನ ಗುಡಿ 1117ರದು, ಸೋಮನಾಥಪುರದ್ದು 1258ರದು. ಎರಡನ್ನೂ ಅವನ ಖಾತೆಗೇ ಬರೆಯುವವರಿದ್ದಾರೆ. ಮೊದಲನೆಯದಕ್ಕೆ ಮೂವತ್ತರ ಹರೆಯ ಅಂದರೂ ಎರಡನೆಯದಕ್ಕೆ ನೂರಾ ಎಪ್ಪತ್ತೊಂದು, ಅದೂ ಒಂದೇ ಕೈಯಲ್ಲಿ! (ತಾಳಿ, ಕಥೆಯಲ್ಲಿ ಕೈದಾಳದ ಗುಡಿ ಕಟ್ಟಿದ ಮೇಲೆ ಕೈ ಮರಳಿ ಬಂತಲ್ಲ.) ನಿಜಕ್ಕೂ ದೀರ್ಘಕಾಲ ಉಳಿ ಹಿಡಿದವನು ಮಲ್ಲಿತಮ್ಮ. 1196ರ ಅಮೃತಾಪುರದಲ್ಲಿ ಅವನ ಕೆಲಸವಿದೆ, ಅರವತ್ತು ವರ್ಷದ ಮೇಲೆ ಸೋಮನಾಥಪುರದಲ್ಲೂ ಅವನದೇ ಸಹಿ, ಮತ್ತೆ ಮತ್ತೆ. ಆದರೆ ಕೈ ಕಡಿದುಕೊಳ್ಳಲಿಲ್ಲ, ಮಗನೊಡನೆ ಜಗಳವಾಡಲಿಲ್ಲ. ಇಂಥವನನ್ನು ಇಟ್ಟುಕೊಂಡು ಇಂಟರ್ವಲ್ ಎಲ್ಲಿ ಕೊಡುವುದು?

ಸರ್ಕಾರ ಜಕಣಾಚಾರಿ ಹೆಸರಲ್ಲಿ ಪ್ರಶಸ್ತಿ ಕೊಡುತ್ತದೆ, ಜನವರಿ 1ರಂದು ಸಂಸ್ಮರಣಾ ದಿನವನ್ನೂ ಆಚರಿಸುತ್ತದೆ. ದಾಸೋಜನಿಗೂ ಒಂದು ದಿನ ಕೊಡಿಸಬೇಕೆನ್ನುವವರು ಅರ್ಜಿ ಹಾಕಬಹುದು. ಶಾಸನದ ಪಡಿಯಚ್ಚು ಸಾಲದು, ಕಪ್ಪೆ ಲಗತ್ತಿಸಿ.