ದಶಕ ಬಂತು ಸರಿ, ಕೂಡಿದ್ದು ಏನನ್ನು?

ಎಂಟಕ್ಕೆ ಐದು ಕೂಡಿದರೆ ಹದಿಮೂರು. ಇದರಲ್ಲಿ ಮಂಡ್ಯದ ಶಾಲೆಗೂ ಜಪಾನಿನ ಶಾಲೆಗೂ ತಕರಾರಿಲ್ಲ. ಆದರೆ ಆ ಹದಿಮೂರನ್ನು ತಲುಪುವ ದಾರಿ ಎರಡೂ ಕಡೆ ಬೇರೆ. ಜಪಾನಿನಲ್ಲಿ ನೆಲೆಸಿದ ನಮ್ಮಂಥವರಿಗೆ ಮಕ್ಕಳ ಒಂದನೇ ತರಗತಿಯ ಹೋಂವರ್ಕಿನಲ್ಲಿ ಅದು ಎದ್ದು ಕಾಣುತ್ತದೆ.

ನಮ್ಮಲ್ಲಿ ಮೊದಲು ಬೆರಳೆಣಿಕೆ, ಆಮೇಲೆ ಹತ್ತು ಕಡ್ಡಿಯ ಕಟ್ಟು, ಆಮೇಲೆ ಬಿಡಿ-ಹತ್ತು-ನೂರು ಎಂದು ಗೆರೆ ಎಳೆದು ಬಲಗಡೆಯಿಂದ ಶುರು: 'ಮೂರು ಬರಿ, ದಶಕ ಒಂದು'. ಜಪಾನಿನಲ್ಲಿ ಐದನ್ನೇ ಒಡೆಸುತ್ತಾರೆ. 5ರ ಕೆಳಗೆ ಎರಡು ಗೀಟು, ಅವುಗಳ ತುದಿಯಲ್ಲಿ ಎರಡು ಸುತ್ತು, ಒಂದರಲ್ಲಿ 2, ಇನ್ನೊಂದರಲ್ಲಿ 3. ಎಂಟಕ್ಕೆ ಎರಡು ಸೇರಿ ಹತ್ತಾಯಿತು, ಉಳಿದ ಮೂರು ಸೇರಿ ಹದಿಮೂರು. ಚಿತ್ರ ಜೋಡಿ ಚೆರ್ರಿಯಂತೆ ಕಾಣುವುದರಿಂದ ಇದಕ್ಕೆ ಸಕುರಾಂಬೊ ಲೆಕ್ಕ ಎಂದೇ ಹೆಸರು. 3+9 ಬಂದರೆ ಒಡೆಯಬೇಕಾದ್ದು ಮೂರನ್ನು, ಹತ್ತಕ್ಕೆ ಹತ್ತಿರ ಇರುವುದನ್ನಲ್ಲ. ಮಕ್ಕಳು ಎಡವುವುದು ಹೆಚ್ಚಾಗಿ ಇಲ್ಲೇ. 9-1, 8-2, 7-3 ಎಂಬ ಹತ್ತರ ಜೋಡಿಗಳು ಬಾಯಿಗೆ ಬಾರದೆ ಚೆರ್ರಿ ಬರೆಸಿದರೆ ಮಗು ಮತ್ತೆ ಬೆರಳಿಗೇ ಹೋಗಿ, ಉತ್ತರ ಕಂಡುಕೊಂಡು, ಆಮೇಲೆ ಸುತ್ತುಗಳನ್ನು ತುಂಬುತ್ತದೆ. ಉತ್ತರ ಈಗಾಗಲೇ ಗೊತ್ತಿರುವ ಮಗುವಿನ ಕೈಯಲ್ಲೂ ಚೆರ್ರಿ ಬರೆಸುವುದು ವ್ಯರ್ಥ ಎಂದು ಗೊಣಗುವ ತಂದೆತಾಯಿ ಅಲ್ಲೂ ಇದ್ದಾರೆ, ಅವರ ಮಾತು ತಪ್ಪಲ್ಲ.

ಸೊರೊಬಾನ್ ಎಂಬ ಜಪಾನೀ ಮಣಿಚೌಕಟ್ಟಿನಲ್ಲೂ ಇದೇ ಹತ್ತರ ಜೋಡಿಯೇ ಬಂಡವಾಳ, ಆದರೆ ನಡೆ ಉಲ್ಟಾ: ಎಡದಿಂದ ಬಲಕ್ಕೆ. ಪ್ರತಿ ಕಂಬಿಯಲ್ಲಿ ಅಡ್ಡಪಟ್ಟಿಯ ಮೇಲೆ ಒಂದು ಮಣಿ (ಬೆಲೆ 5), ಕೆಳಗೆ ನಾಲ್ಕು (ಬೆಲೆ ಒಂದೊಂದು). 478ಕ್ಕೆ 356 ಕೂಡಬೇಕು ಅನ್ನಿ. ಮೊದಲು ನೂರರ ಕಂಬಿ: 4ಕ್ಕೆ 3, ಏಳು. ಹತ್ತರ ಕಂಬಿ: 7ಕ್ಕೆ 5 ಹಿಡಿಸುವುದಿಲ್ಲ, ಐದರ ಜೋಡಿ ಐದು, ಅದನ್ನು ತೆಗೆದರೆ 2 ಉಳಿಯಿತು, ಎಡಕ್ಕೆ ಒಂದು ಸೇರಿ ನೂರರ ಕಂಬಿ 8 ಆಯಿತು. ಬಿಡಿ ಕಂಬಿ: 8ಕ್ಕೆ 6 ಹಿಡಿಸುವುದಿಲ್ಲ; ಆರರ ಜೋಡಿ ನಾಲ್ಕು. ಎಂಟರಲ್ಲಿ ಕೆಳಗಿನ ಮಣಿ ಮೂರೇ ಇರುವುದರಿಂದ ಮೇಲಿನ ಐದನ್ನು ತೆಗೆದು ಕೆಳಗೆ ಒಂದನ್ನು ಏರಿಸಬೇಕು. ಉಳಿದದ್ದು 4, ಎಡಕ್ಕೆ ಒಂದು ಸೇರಿ ಹತ್ತರ ಕಂಬಿ 3. ಉತ್ತರ 834. 'ಎಂಟೂ ಆರೂ ಹದಿನಾಲ್ಕು' ಎಂದು ತಲೆಯಲ್ಲಿ ಲೆಕ್ಕ ಹಾಕಿ ಮಣಿಯಲ್ಲಿ ಬರೀ ಉತ್ತರ ಇಡುವ ಚಟ ಹಿಡಿದ ಮಗುವಿಗೆ ವೇಗ ಬರುವುದೇ ಇಲ್ಲ. ಎಡದಿಂದ ಹೋಗುವುದಕ್ಕೆ ಇನ್ನೊಂದು ಲಾಭವಿದೆ: ನಡುವೆ ನಿಲ್ಲಿಸಿದರೂ ಮೊತ್ತ ಏಳೆಂಟು ನೂರರ ಆಸುಪಾಸು ಎಂಬುದು ಕೈಗೆ ಸಿಕ್ಕಿರುತ್ತದೆ. ನಮ್ಮ ಪದ್ಧತಿಯಲ್ಲಿ ಮೊದಲು ಸಿಗುವುದು ಕೊನೆಯ ಅಂಕಿ, ಅಂದಾಜಿಗೆ ಅದು ಯಾವ ಉಪಯೋಗಕ್ಕೂ ಇಲ್ಲ. ಹಾಗಂತ ದಶಕ ಹಿಡಿಯುವುದನ್ನು ಹಳೆಯದೆಂದು ಬಿಸಾಡುವವರ ಜೊತೆ ನಾನಿಲ್ಲ. ಇಪ್ಪತ್ತು ಸಾಲಿನ ಖರ್ಚಿನ ಪಟ್ಟಿಯನ್ನು ಕಾಗದದ ಮೇಲೆ ಕೂಡಲು ಅದಕ್ಕಿಂತ ಅಗ್ಗದ ಉಪಾಯ ಇಲ್ಲ.

ನಿಜವಾಗಿ ನಾವು ಕಲಿಯಬೇಕಾದ್ದು ಚೆರ್ರಿಗೂ ಮೊದಲಿನ ಪಾಠವನ್ನು. ಜಪಾನಿನಲ್ಲಿ ಸಂಕಲನವನ್ನು ಎರಡು ಬಗೆಯ ಸಂದರ್ಭಗಳಾಗಿ ಕಲಿಸುತ್ತಾರೆ. ಒಂದು, ಎರಡು ಗುಂಪು ಸೇರಿದರೆ ಎಷ್ಟು ಎಂಬುದು. ಇನ್ನೊಂದು, ಇದ್ದದ್ದು ಹೆಚ್ಚಾದರೆ ಎಷ್ಟು ಎಂಬುದು. ಮೊದಲನೆಯದಕ್ಕೆ ಮಗು ಎರಡೂ ಕೈಯಿಂದ ಬಿಲ್ಲೆಗಳನ್ನು ನಡುವಿಗೆ ತಳ್ಳುತ್ತದೆ. ಎರಡನೆಯದಕ್ಕೆ ಇದ್ದ ಬಿಲ್ಲೆಗಳು ಕದಲುವುದಿಲ್ಲ, ಒಂದೇ ಕೈ ಹೊಸದನ್ನು ತಂದು ಸೇರಿಸುತ್ತದೆ. ಎರಡಕ್ಕೂ ಬರೆಯುವುದು ಒಂದೇ ಕೂಡು ಚಿಹ್ನೆ. ಬಿಲ್ಲೆಯ ಮಟ್ಟಿಗೆ ಈ ಭೇದ ಅತಿಯಾಯಿತು ಅನ್ನಿಸಬಹುದು. ಉಷ್ಣಾಂಶಕ್ಕೆ ಬನ್ನಿ. ಬೆಳಗ್ಗೆ 20 ಡಿಗ್ರಿ ಇದ್ದದ್ದು 8 ಡಿಗ್ರಿ ಏರಿತು, 28, ಸರಿ. 20 ಡಿಗ್ರಿಯ ಒಂದು ಲೀಟರ್ ನೀರಿಗೆ 8 ಡಿಗ್ರಿಯ ಒಂದು ಲೀಟರ್ ನೀರು ಬೆರೆಸಿದರೆ? ಅದು 14ರ ಸುಮಾರಿಗೆ ನಿಲ್ಲುತ್ತದೆ. ಹೆಚ್ಚುವ ಅರ್ಥದಲ್ಲಿ ಉಷ್ಣಾಂಶ ಕೂಡಬಹುದು, ಸೇರುವ ಅರ್ಥದಲ್ಲಿ ಕೂಡಬಾರದು. ಆರು ವರ್ಷದ ಮಗುವಿಗೆ ಬಿಲ್ಲೆಯಲ್ಲಿ ತೋರಿಸಿದ ಈ ಭೇದವನ್ನು ಆಮೇಲೆ ಯಾರೂ ಮತ್ತೆ ಎತ್ತುವುದಿಲ್ಲ ಎಂಬುದೇ ಜಪಾನೀ ಪದ್ಧತಿಯ ಬಗ್ಗೆ ನನ್ನ ದೂರು. ನಮ್ಮಲ್ಲಿ ಶುರುವೇ ಆಗುವುದಿಲ್ಲ, ಅದು ಬೇರೆ ಮಾತು.

ಶಬ್ದದ ವಿಷಯವೂ ಹೀಗೇ. 60 ಡೆಸಿಬೆಲ್ ಸದ್ದಿನ ಯಂತ್ರದ ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಇಟ್ಟರೆ 120 ಅಲ್ಲ, 63. ಅಂಥ ಹತ್ತು ಸೇರಿದರೆ 70. 60ರ ಜೊತೆ 50 ಸೇರಿದರೆ 60.4, ಸೇರಿದ್ದು ಗೊತ್ತೇ ಆಗುವುದಿಲ್ಲ. ಡೆಸಿಬೆಲ್ ಎಂಬುದು ಲಾಗರಿದಮ್ ಅಳತೆ, ಅಂದರೆ ಸದ್ದಿನ ಶಕ್ತಿ ಹತ್ತು ಪಟ್ಟಾದಾಗ ಅಂಕಿ ಹತ್ತು ಮಾತ್ರ ಏರುತ್ತದೆ. ಕೂಡಬೇಕಾದ್ದು ಅದರ ಹಿಂದಿರುವ ಶಕ್ತಿಯನ್ನು. ಕೂಡಿದ ಮೇಲೆ ಮತ್ತೆ ಲಾಗರಿದಮ್ ತೆಗೆಯಬೇಕು. ಗಾತ್ರ ಕೂಡ ನಂಬಿಕೆಗೆ ಅರ್ಹವಲ್ಲ: 50 ಮಿಲಿ ನೀರಿಗೆ 50 ಮಿಲಿ ಈಥೈಲ್ ಆಲ್ಕೊಹಾಲ್ ಬೆರೆಸಿದರೆ ಸಿಗುವುದು 96-97 ಮಿಲಿ, ಅಣುಗಳು ಒತ್ತೊತ್ತಾಗಿ ಕೂರುತ್ತವೆ. ತೂಕ ಮಾತ್ರ ಲೆಕ್ಕ ತಪ್ಪುವುದಿಲ್ಲ.

ಇದು ಹೊರಗಿನಿಂದ ತರಬೇಕಾದ ತಿಳಿವಳಿಕೆಯೇನೂ ಅಲ್ಲ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಒಂಬತ್ತನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದ ಎಂಟು ಪರಿಕರ್ಮಗಳಲ್ಲಿ (ಮೂಲ ಗಣಿತ ಕ್ರಿಯೆಗಳಲ್ಲಿ) ಸಾದಾ ಕೂಡುವ ಲೆಕ್ಕವೇ ಇಲ್ಲ. ಗುಣಾಕಾರದಿಂದ ಆರಂಭ, ಸಂಕಲಿತ ಎಂದು ಅಲ್ಲಿರುವುದು ಶ್ರೇಢಿಯ ಮೊತ್ತ. ಎರಡು ಸಂಖ್ಯೆ ಕೂಡುವುದು ಓದುಗನಿಗೆ ಬರುತ್ತದೆ ಎಂದೇ ಹಿಡಿದ ಹಾಗಿದೆ. ಆದರೆ ಬೇರೆ ಬೇರೆ ವರ್ಣದ, ಅಂದರೆ ಶುದ್ಧತೆಯ, ಚಿನ್ನ ಕರಗಿಸಿ ಬೆರೆಸುವ ಲೆಕ್ಕಗಳನ್ನು ಆತ ವಿಸ್ತಾರವಾಗಿ ಕೊಡುತ್ತಾನೆ. ಇಂದಿನ ಅಕ್ಕಸಾಲಿಗರ ಅಳತೆಯಲ್ಲಿ ಹೇಳುವುದಾದರೆ, 10 ಗ್ರಾಂ 22 ಕ್ಯಾರೆಟ್ಟಿಗೆ 5 ಗ್ರಾಂ 18 ಕ್ಯಾರೆಟ್ ಸೇರಿದರೆ 40 ಕ್ಯಾರೆಟ್ ಎನ್ನುವ ಮೂರ್ಖರಿಲ್ಲ, 20 ಎನ್ನುವವರು ಬೇಕಾದಷ್ಟಿದ್ದಾರೆ. ಅದೂ ತಪ್ಪು. ತೂಕದಿಂದ ಕ್ಯಾರೆಟ್ ಗುಣಿಸಿ ಕೂಡಬೇಕು: 220 ಮತ್ತು 90, ಒಟ್ಟು 310. ಅದನ್ನು 15ರಿಂದ ಭಾಗಿಸಿದರೆ 20.67. ಹದಿನೈದು ಗ್ರಾಂ ಚಿನ್ನದಲ್ಲಿ ಒಂದು ಕ್ಯಾರೆಟ್ಟಿನ ಮೂರನೇ ಎರಡು ಭಾಗ ಏಮಾರಿದರೆ ಯಾರಿಗೆ ನಷ್ಟ ಎಂದು ಹೇಳಬೇಕಿಲ್ಲ.

ಭಿನ್ನರಾಶಿಯಲ್ಲಿ ಇದೇ ಗೊಂದಲ ತಲೆಕೆಳಗಾಗಿ ಬರುತ್ತದೆ. ಅರ್ಧಕ್ಕೆ ಮೂರನೇ ಒಂದು ಕೂಡಿ 2/5 ಎಂದು ಬರೆದ ಮಗುವಿಗೆ ಎಲ್ಲ ಊರಲ್ಲೂ ಕೆಂಪು ಗೀಟು ಬೀಳುತ್ತದೆ. ಅರ್ಧ ರೊಟ್ಟಿಯ ಮಟ್ಟಿಗೆ ಆ ಗೀಟು ಸರಿ, ಉತ್ತರ 5/6. ಆದರೆ ಒಬ್ಬ ಬ್ಯಾಟರ್ ಮೊದಲ ಪಂದ್ಯದಲ್ಲಿ 20 ಎಸೆತಕ್ಕೆ 30, ಎರಡನೆಯದರಲ್ಲಿ 30 ಎಸೆತಕ್ಕೆ 10 ರನ್ ಹೊಡೆದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡುವುದೇ ಸರಿ: 50 ಎಸೆತಕ್ಕೆ 40, ಸ್ಟ್ರೈಕ್ ರೇಟ್ 80. ಎರಡು ರೇಟುಗಳ ಸರಾಸರಿ ತೆಗೆದವನಿಗೆ 91.7 ಸಿಕ್ಕು ಮೋಸವಾಗುತ್ತದೆ. ಮಗು ಮಾಡಿದ್ದು ಅರ್ಥವಿಲ್ಲದ ಕೆಲಸವಲ್ಲ, ಬೇರೆ ಸಂದರ್ಭಕ್ಕೆ ಸಲ್ಲುವ ಕೆಲಸ. ಅದನ್ನು ಹೇಳಲು ಶಿಕ್ಷಕರಿಗೆ ಐದು ನಿಮಿಷ ಸಾಕು.

ಅಂಗಡಿಯಲ್ಲಿ 'ಶೇ. 50ರ ಮೇಲೆ ಶೇ. 20' ಎಂದರೆ ಶೇ. 70 ಅಲ್ಲ, ಸಾವಿರ ಮೊದಲು ಐನೂರಾಗಿ ಆಮೇಲೆ ನಾನೂರಾಗುತ್ತದೆ. ಶೇ. 18 ಜಿಎಸ್‌ಟಿ ಸೇರಿಸಿದ 118 ರೂಪಾಯಿಯ ಬೆಲೆಯಿಂದ ಅದೇ ಶೇ. 18 ಕಳೆದರೆ 100 ಸಿಗುವುದಿಲ್ಲ, 96.76 ಸಿಗುತ್ತದೆ, 118ನ್ನು 1.18ರಿಂದ ಭಾಗಿಸಬೇಕು. ಜಪಾನಿನ ಬಿಲ್ಲಿನಲ್ಲಿ ಇನ್ನೂ ಸೂಕ್ಷ್ಮವಾದ ತೊಡಕಿತ್ತು. ಆಹಾರಕ್ಕೆ ಅಲ್ಲಿ ಶೇ. 8 ತೆರಿಗೆ. 99 ಯೆನ್ನಿನ ಮೂರು ಪೊಟ್ಟಣ ಕೊಂಡರೆ ಒಂದೊಂದರ ತೆರಿಗೆ 7.92. ಭಿನ್ನ ಬಿಟ್ಟರೆ 7, ಮೂರಕ್ಕೆ 21. ಮೊದಲು ಕೂಡಿ 297 ಮಾಡಿಕೊಂಡರೆ ತೆರಿಗೆ 23.76, ಭಿನ್ನ ಬಿಟ್ಟರೆ 23. ಕೂಡಿ ದುಂಡುಮಾಡುವುದಕ್ಕೂ ದುಂಡುಮಾಡಿ ಕೂಡುವುದಕ್ಕೂ ಎರಡು ಯೆನ್ ವ್ಯತ್ಯಾಸ. 2023ರ ಅಕ್ಟೋಬರಿನಲ್ಲಿ ಬಂದ ಇನ್‌ವಾಯ್ಸ್ ಪದ್ಧತಿ ಇದಕ್ಕೆ ತೆರೆ ಎಳೆಯಿತು: ಒಂದು ಬಿಲ್ಲಿನಲ್ಲಿ ಒಂದು ತೆರಿಗೆ ದರಕ್ಕೆ ಒಮ್ಮೆ ಮಾತ್ರ ದುಂಡುಮಾಡಬೇಕು, ಪೊಟ್ಟಣ ಪೊಟ್ಟಣಕ್ಕೆ ಮಾಡುವಂತಿಲ್ಲ. ಮೇಲಕ್ಕೋ ಕೆಳಕ್ಕೋ ಎಂಬುದನ್ನು ಮಾತ್ರ ಅಂಗಡಿಯವನಿಗೇ ಬಿಟ್ಟಿದ್ದಾರೆ.