ಸ್ಪಿಂಡಲ್ ಕೇಳಿದೆ, ತಕಲಿ ಬಂತು

ತಪ್ಪು ನನ್ನದೇ. ಹುಟ್ಟುಹಬ್ಬಕ್ಕೆ ಏನು ಬೇಕು ಅಂತ ಹೆಂಡತಿ ಕೇಳಿದಾಗ ಲ್ಯಾಪ್‌ಟಾಪ್‌ನಿಂದ ತಲೆ ಎತ್ತದೆ "ಡ್ರಾಪ್ ಸ್ಪಿಂಡಲ್" ಅಂದುಬಿಟ್ಟೆ. ಯಾವ ಕಾರಿಗೆ, ಎಷ್ಟು ಇಂಚಿನದು, ಏನೂ ಹೇಳಲಿಲ್ಲ. ನಾಲ್ಕು ದಿನಕ್ಕೆ ಡಬ್ಬ ಬಂತು. ಎತ್ತಿದರೆ ಹೂವಿನಷ್ಟು ಹಗುರ. ಮುಂದಿನ ಚಕ್ರಗಳು ಕೂರುವ ಕಾರಿನ ಸ್ಪಿಂಡಲ್ ಜೋಡಿ ಎತ್ತಿದರೆ ಸೊಂಟ ಹಿಡಿಯಬೇಕು, ಅಷ್ಟು ಭಾರದ ಕಬ್ಬಿಣ. ಬಿಚ್ಚಿ ನೋಡಿದರೆ ಒಂದು ಮರದ ಕಡ್ಡಿ, ಕಡ್ಡಿಗೆ ಸಿಕ್ಕಿಸಿದ ಒಂದು ಮರದ ಬಿಲ್ಲೆ, ಜೊತೆಗೆ ಒಂದು ಕಟ್ಟು ಬಿಳಿ ಉಣ್ಣೆ.

"ಏ ತಮ್ಮಾ, ತಕಲಿ ತರಿಸೀಯೇನು?" ಅಂತ ಅಪ್ಪ ಸೋಫಾದಿಂದ ಎದ್ದು ಬಂದರು.

ನೂಲುವ ತಕಲಿಗೂ ಕಾರಿನ ಸ್ಪಿಂಡಲ್‌ಗೂ ಇಂಗ್ಲಿಷಿನಲ್ಲಿ ಒಂದೇ ಹೆಸರು. ಪಾಪ, ಅವಳದೇನು ತಪ್ಪು?

ಅಪ್ಪ ಆರು ತಿಂಗಳಿಗೆಂದು ಮಿಶಿಗನ್‌ಗೆ ಬಂದಿದ್ದರು. ನಮ್ಮೂರು ಧಾರವಾಡದ ಹತ್ತಿರ, ರಾಷ್ಟ್ರಧ್ವಜದ ಖಾದಿ ನೇಯುವ ಗರಗದ ಕಡೆ. ಅಪ್ಪ ಶಾಲೆ ಕಲಿಯುವಾಗ ತಕಲಿಗೇ ಒಂದು ಪಿರಿಯಡ್ ಇತ್ತಂತೆ. ಬಂದಾಗಿನಿಂದ ಟಿವಿ ಮತ್ತು ಕಿಟಕಿ ಬಿಟ್ಟರೆ ಬೇರೆ ಕೆಲಸ ಇರಲಿಲ್ಲ ಅವರಿಗೆ. "ಇದು ಹತ್ತೀದಲ್ಲ, ಉಣ್ಣೀದು. ಇರಲಿ, ನೋಡೋಣಂತ" ಅಂತ ತಗೊಂಡು ಹೋದರು. ವಾಪಸ್ ಕಳಿಸುವ ಮಾತೇ ಬರಲಿಲ್ಲ.

ಈಗ ನನ್ನ ತಕಲಿಯ ಕತೆ. ನನ್ನ ಹತ್ತಿರ 1970ರ ಶೆವೆಲ್ ಮಾಲಿಬು ಕಾರು ಇದೆ, 307 ಕ್ಯೂಬಿಕ್ ಇಂಚಿನ ವಿ8 ಎಂಜಿನ್. ನೇರ ರಸ್ತೆಯಲ್ಲಿ ಆನೆ ನಡೆದಂತೆ ಹೋಗುತ್ತದೆ. ತಿರುವು ಬಂತೋ, ಕೆರೆಯಲ್ಲಿ ಮಗ್ಗುಲು ಬದಲಿಸುವ ಎಮ್ಮೆ. ಆಗಸ್ಟ್ ಮೂರನೇ ಶನಿವಾರ ಡೆಟ್ರಾಯಿಟ್ ಪಕ್ಕದ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೇ ಕಾರುಗಳ ಜಾತ್ರೆ. 1995ರಿಂದ ನಡೆಯುತ್ತಿರುವ ವುಡ್‌ವರ್ಡ್ ಡ್ರೀಮ್ ಕ್ರೂಸ್. ಅಲ್ಲಿಗೆ ಹೋಗುವಷ್ಟರಲ್ಲಿ ಕಾರು ಎರಡಿಂಚು ತಗ್ಗಬೇಕು, ತಿರುವಿನಲ್ಲಿ ಮರ್ಯಾದೆಯಿಂದ ಇರಬೇಕು ಅಂತ ನನ್ನ ಆಸೆ.

ತಗ್ಗಿಸಲು ಅಗ್ಗದ ದಾರಿ ಅಂದರೆ ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸುವುದು. ಆದರೆ ಹಾಗೆ ಮಾಡಿದರೆ ಸ್ಪ್ರಿಂಗ್ ಗಡುಸಾಗುತ್ತದೆ, ಚಕ್ರ ಮೇಲೆ ಏಳಲು ಜಾಗ ಕಮ್ಮಿಯಾಗುತ್ತದೆ, ಚಳಿಗಾಲ ಮುಗಿದ ಮೇಲೆ ಮಿಶಿಗನ್ ರಸ್ತೆಗಳಲ್ಲಿ ಏಳುವ ಗುಂಡಿಗಳನ್ನು ನೆನೆಸಿಕೊಂಡರೆ ಬೆನ್ನುಮೂಳೆ ಬೇಡ ಅನ್ನುತ್ತದೆ. ಡ್ರಾಪ್ ಸ್ಪಿಂಡಲ್‌ನಲ್ಲಿ ಈ ತೊಂದರೆ ಇಲ್ಲ. ಸ್ಪ್ರಿಂಗು, ಚಕ್ರವನ್ನು ಚಾಸಿಗೆ ಹಿಡಿದಿಡುವ ಆರ್ಮು ಎಲ್ಲ ಇದ್ದಲ್ಲೇ ಇರುತ್ತವೆ, ಚಕ್ರ ಕೂರುವ ಪಿನ್ ಮಾತ್ರ ಎರಡಿಂಚು ಮೇಲೆ. ಇದನ್ನು ಅಪ್ಪನಿಗೆ ಹದಿನೈದು ನಿಮಿಷ ಪೇಪರ್ ಮೇಲೆ ಚಿತ್ರ ಬರೆದು ವಿವರಿಸಿದೆ. ಅಪ್ಪ ಉಣ್ಣೆ ಹಿಂಜುತ್ತಲೇ ಕೇಳಿ, "ಅಚ್ಚು ಮ್ಯಾಲೆ ಕೂಡಿಸಿದ್ರ ಚಕ್ಕಡಿ ಕೆಳಗ ಕುಂದರತೈತಿ. ಅಷ್ಟ ಅಲ್ಲೇನು? ಅದಕ್ಕ ಎಷ್ಟು ಕೊಟ್ಟಿ?" ಅಂದರು.

ಎಷ್ಟು ಕೊಟ್ಟೆ ಅನ್ನುವುದು ನನಗೂ ಆಗ ಗೊತ್ತಿರಲಿಲ್ಲ. ಕೌಪೀನ ಕಾಯಲು ಬೆಕ್ಕು ಸಾಕಿದ ಸನ್ಯಾಸಿಯ ಕತೆ ಗೊತ್ತಲ್ವಾ? ನಾನು ತರಿಸಿದ ಸ್ಪಿಂಡಲ್ ಡಿಸ್ಕ್ ಬ್ರೇಕಿಗೆ ಮಾಡಿದ್ದು. ನನ್ನ ಕಾರಿನ ಮುಂದಿನ ಚಕ್ರಕ್ಕೆ ಇದ್ದದ್ದು ಹಳೇ ಡ್ರಮ್ ಬ್ರೇಕು. ಸರಿ, ಡಿಸ್ಕ್ ತರಿಸಿದೆ. ಡಿಸ್ಕ್ ಬಂದ ಮೇಲೆ ಬ್ರೇಕ್ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್, ಅದಾದ ಮೇಲೆ ಹಿಂದೆ ಮುಂದೆ ಬ್ರೇಕ್ ಹಂಚಲು ಒಂದು ವಾಲ್ವ್. ಬೆಕ್ಕಿಗೆ ಹಾಲು ಬೇಕು, ಹಾಲಿಗೆ ಆಕಳು ಬೇಕು. ಹೆಂಡತಿ ಪ್ರತಿ ಡಬ್ಬ ಬಂದಾಗಲೂ "ಇನ್ನೂ ಹುಟ್ಟುಹಬ್ಬ ಮುಗಿದಿಲ್ವಾ?" ಅಂತ ಕೇಳುತ್ತಿದ್ದಳು.

ಒಂದು ಶನಿವಾರ ಗ್ಯಾರೇಜಿನಲ್ಲಿ ಜಾಕ್ ಹೊಡೆದೆ. ಅಪ್ಪ ಮಂಕಿ ಕ್ಯಾಪ್ ಹಾಕಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ತಕಲಿ ತಿರುಗಿಸುತ್ತಿದ್ದರು. ಸ್ಪಿಂಡಲನ್ನು ಆರ್ಮಿಗೆ ಸೇರಿಸುವ, ಐವತ್ತು ವರ್ಷ ಕಚ್ಚಿಕೊಂಡ ಬಾಲ್ ಜಾಯಿಂಟ್ ಬಿಡಿಸುವುದು ಅಂದರೆ ಜಗಳವಾಡಿದ ಬೀಗರನ್ನು ಮದುವೆಗೆ ಕರೆದಂತೆ. ನಟ್ಟು ಪೂರ್ತಿ ಬಿಚ್ಚಬಾರದು, ನಾಲ್ಕು ಸುತ್ತು ಉಳಿಸಿರಬೇಕು. ಕೆಳಗಿನ ಆರ್ಮಿನ ಅಡಿ ಜಾಕ್ ಇರಲೇಬೇಕು, ಇಲ್ಲದಿದ್ದರೆ ಒಳಗೆ ಅದುಮಿ ಕೂತ ಸ್ಪ್ರಿಂಗ್ ಹಾರಿ ಬಂದು ನಮ್ಮನ್ನೇ ತಗ್ಗಿಸುತ್ತದೆ. ಸುತ್ತಿಗೆಯಿಂದ ಪಕ್ಕಕ್ಕೆ ಹೊಡೆದೆ, ಹೊಡೆದೆ, ಬೈದೆ, ಮತ್ತೆ ಹೊಡೆದೆ. ಕೈ ಸೋತು ಚಹಾ ಕುಡಿಯಲು ಒಳಗೆ ಹೋಗಿ ಕಪ್ ಬಾಯಿಗಿಟ್ಟಾಗ ಗ್ಯಾರೇಜಿನಿಂದ ಢಮಾರ್! ಓಡಿ ಬಂದರೆ ಜಾಯಿಂಟ್ ತಾನೇ ಬಿಟ್ಟಿತ್ತು. ಅಪ್ಪ ಎಳೆ ತುಂಡಾಗದಂತೆ ತಕಲಿಯನ್ನು ಎತ್ತಿ ಹಿಡಿದು, "ನಾ ಏನೂ ಮುಟ್ಟಿಲ್ಲಪಾ" ಅಂದರು.

ಸಂಜೆ ಹೊತ್ತಿಗೆ ಎರಡೂ ಕಡೆ ಕೂಡಿಸಿ, ಸ್ಪ್ಲಿಟ್ ಪಿನ್ ಬಗ್ಗಿಸಿ, ಹೆಮ್ಮೆಯಿಂದ ಚಕ್ರ ಹಾಕಿದೆ. ಚಕ್ರ ತಿರುಗಲಿಲ್ಲ! ಹಳೇ 14 ಇಂಚಿನ ರಿಮ್ಮಿನ ಒಳಮೈಗೆ, ಡಿಸ್ಕನ್ನು ಅದುಮಿ ಹಿಡಿಯುವ ಹೊಸ ಕ್ಯಾಲಿಪರ್ ತಗುಲುತ್ತಿತ್ತು. ಈ ಸ್ಪಿಂಡಲ್‌ಗೆ 15 ಇಂಚಿನ ರಿಮ್ಮಾದರೂ ಬೇಕು ಅಂತ ಡಬ್ಬದೊಳಗಿನ ಚೀಟಿಯಲ್ಲೇ ಬರೆದಿತ್ತು. ಆ ಚೀಟಿಯನ್ನು ಉಂಡೆ ಮಾಡಿ ಅಪ್ಪ ಅದರ ಮೇಲೆ ನೂಲು ಸುತ್ತಿದ್ದರು.

ರಿಮ್ಮು, ಟೈರು ಬರಲು ಎರಡು ವಾರ. ಹಾಕಿದ ಮೇಲೆ ಚಕ್ರಗಳು ಒಂದೊಂದು ಒಂದೊಂದು ದಿಕ್ಕು ನೋಡುತ್ತಿದ್ದವು. ಅಲೈನ್‌ಮೆಂಟ್ ಅಂಗಡಿವರೆಗೆ ಓಡಿಸಲಾದರೂ ಸ್ವಲ್ಪ ನೇರ ಮಾಡಬೇಕು. ಅದಕ್ಕೊಂದು ಹಳೇ ಉಪಾಯ ಇದೆ. ಕಾರಿನ ಎರಡೂ ಪಕ್ಕ, ಚಕ್ರದ ನಡುವಿನ ಎತ್ತರಕ್ಕೆ ಉದ್ದಕ್ಕೆ ದಾರ ಕಟ್ಟಿ, ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ದಾರದಿಂದ ಎಷ್ಟು ದೂರ ಅಂತ ಅಳೆಯುವುದು. ಮನೆಯೆಲ್ಲ ಹುಡುಕಿದೆ. ಅಮೆರಿಕದ ಮನೆಯಲ್ಲಿ ಏನುಂಟು ಏನಿಲ್ಲ, ಒಂದು ಗಟ್ಟಿ ದಾರ ಮಾತ್ರ ಇಲ್ಲ.

ಅಪ್ಪ ಉಂಡೆ ಚಾಚಿದರು. ಉಣ್ಣೆ ಜೋಲುತ್ತದೆ ಅಂದೆ. "ಎರಡು ಎಳಿ ಕೂಡಿಸಿ ಹೊಸದೀನಿ, ಜಗ್ಗಿ ಕಟ್ಟು" ಅಂದರು. ಕಟ್ಟಿದೆ. ತಂತಿಯ ಹಾಗೆ ನಿಂತಿತು.

ಮರುದಿನ ಅಂಗಡಿಯ ಮುದುಕ ಕಾರನ್ನು ಯಂತ್ರಕ್ಕೆ ಹತ್ತಿಸಿ, ಟೋ, ಅಂದರೆ ಚಕ್ರಗಳು ನೋಡುವ ದಿಕ್ಕು, ಹೆಚ್ಚುಕಮ್ಮಿ ಸರಿ ಇದೆ, ಯಾರು ಮಾಡಿದ್ದು ಅಂತ ಕೇಳಿದ. ಆಮೇಲೆ ನನ್ನ ಆಸೆಗೆ ತಣ್ಣೀರು ಎರಚಿದ. ಕಾರು ತಗ್ಗಿದೆ, ಅದರಿಂದ ಸ್ವಲ್ಪ ಲಾಭ ಇದೆ, ಆದರೆ ತಿರುವಿನಲ್ಲಿ ಮೈ ವಾಲಿದಾಗ ಹೊರಗಿನ ಚಕ್ರದ ತಲೆ ಒಳಕ್ಕೆ ಬಾಗಬೇಕು, ಆ ಕಾಲದ ಶೆವೆಲ್‌ಗಳಲ್ಲಿ ಅದು ಹೊರಕ್ಕೇ ಬಾಗುತ್ತದೆ, ಹಾಗಾಗಿ ಟೈರು ಅಂಚಿನ ಮೇಲೆ ಓಡುತ್ತದೆ. ಅದನ್ನು ಸರಿ ಮಾಡಲು ಮೇಲಿನ ಬಾಲ್ ಜಾಯಿಂಟನ್ನು ಎತ್ತರಕ್ಕೆ ಒಯ್ಯುವ ಉದ್ದ ಸ್ಪಿಂಡಲ್ ಬೇಕಿತ್ತು. ಎರಡೂ ಗುಣ ಇರುವಂಥದ್ದೂ ಸಿಗುತ್ತದೆ. ಕೊಳ್ಳುವ ಮುಂಚೆ ಕೇಳಬಾರದಿತ್ತೇ ಅಂದ. ಹುಟ್ಟುಹಬ್ಬದ ದಿನದಿಂದ ಹೆಂಡತಿ ಕೇಳುತ್ತಿದ್ದದ್ದೂ ಹೆಚ್ಚುಕಮ್ಮಿ ಇದನ್ನೇ.

ಮನೆಗೆ ಬಂದು ಡ್ರೈವ್‌ವೇ ಹತ್ತಿಸುವಾಗ ಹೊಟ್ಟೆಯಡಿ ಸೈಲೆನ್ಸರ್ ಕರ್ರ್ ಅಂತ ಉಜ್ಜಿತು. ಅಪ್ಪ ಬಾಗಿಲಲ್ಲೇ ಇದ್ದರು.

"ತಕಲಿ ಎಷ್ಟಕ್ಕ ಬಿತ್ತಂತ?"

"ಇಪ್ಪತ್ತು ಡಾಲರ್ ಅಂತೆ."

"ಉಣ್ಣಿ ಸೇರಿ?"

"ಸೇರಿ."

ಸ್ವಲ್ಪ ಹೊತ್ತು ಕಾರನ್ನೇ ನೋಡಿದರು. ಇನ್ನೊಂದರ ರೇಟು ಕೇಳಲಿಲ್ಲ, ದೊಡ್ಡ ಮನಸ್ಸು. "ಉಣ್ಣಿ ಖಾಲಿ ಆಗೇದ, ಇನ್ನೊಂದು ಕಟ್ಟು ತರಸು" ಅಂದು ಒಳಗೆ ಹೋದರು.