ಸ್ಪಷ್ಟನೆ: ಆ ಗುಲಾಬಿ ಬಣ್ಣದ ಹೂವಿನ ಗಿಡ ಕ್ರಿಸ್ಮಸ್ ಕ್ಯಾಕ್ಟಸ್ ಅಲ್ಲ

ಗುಲಾಬಿ ಬಣ್ಣದ ಹೂ ತುಂಬಿದ ಕುಂಡದ ಫೋಟೋ ಜೊತೆ "ಇದು ಕ್ರಿಸ್ಮಸ್ ಕ್ಯಾಕ್ಟಸ್, ಮರುಭೂಮಿ ಗಿಡ. ಸುಡುಬಿಸಿಲಲ್ಲಿಡಿ, ನೀರು ಬೇಡ" ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಹೆಸರೂ ತಪ್ಪು, ಸಲಹೆಯೂ ತಪ್ಪು.

ಅದು ಈಸ್ಟರ್ ಕ್ಯಾಕ್ಟಸ್‌ನ ಗುಲಾಬಿ ಬಣ್ಣದ ತಳಿ. ಹೂವನ್ನೇ ನೋಡಿ: ಎಸಳುಗಳು ಸುತ್ತಲೂ ಸಮವಾಗಿ, ನಕ್ಷತ್ರದಂತೆ ಬಿಚ್ಚಿಕೊಂಡಿವೆ. ಕ್ರಿಸ್ಮಸ್ ಕ್ಯಾಕ್ಟಸ್‌ನದು ಉದ್ದ ಕೊಳವೆಯಂಥ ಹೂವು, ಎಸಳು ಹಿಂದಕ್ಕೆ ಬಾಗಿರುತ್ತವೆ. ಫೋಟೋದ ಗಿಡದಲ್ಲಿ ಎಲೆಯಂತೆ ಕಾಣುವ ಚಪ್ಪಟೆ ಕಾಂಡದ ತುದಿಯಲ್ಲಿ ಕೂದಲಿನಂಥ ಸಣ್ಣ ಎಳೆಗಳೂ ಇವೆ, ಅಲ್ವಾ? ಅದೂ ಈಸ್ಟರ್ ಕ್ಯಾಕ್ಟಸ್‌ನದೇ ಗುರುತು.

ಇದರ ಮೂಲ ದಕ್ಷಿಣ ಬ್ರೆಜಿಲ್‌ನ ಕಾಡು. ಅಲ್ಲಿ ಮರದ ಕೊಂಬೆಗಳ ಮೇಲೆ, ನೆರಳಲ್ಲಿ ಬೆಳೆಯುತ್ತದೆ. ಸುಡುಬಿಸಿಲಿಗಿಟ್ಟರೆ ಪಾಪ, ಬಾಡಿಹೋಗುತ್ತದೆ. ಸೋಸಿ ಬರುವ ಬೆಳಕು ಸಾಕು. ಮೇಲ್ಮಣ್ಣು ಒಣಗಿದಾಗ ನೀರು ಹಾಕಿ, ಕುಂಡದಲ್ಲಿ ನಿಲ್ಲಲು ಬಿಡಬೇಡಿ.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ.